ಮಲೆನಾಡು ಗುಣಾಂಕ

ಟಪ್.

ರಾತ್ರಿ ಒಂದೂ ಮುಕ್ಕಾಲಿಗೆ ಆ ಸದ್ದು ಕೇಳಿ ಚೇತನಾ ಹಾಸಿಗೆಯಿಂದ ಎದ್ದಳು. ಒಂದೇ ಒಂದು ಹನಿ ಬಿದ್ದ ಸದ್ದು. ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಅಂಗಡಿಯ ಮೇಲಿನ ಬಾಡಿಗೆ ಕೋಣೆ, ತಲೆಯ ಮೇಲೆ ತಗಡಿನ ಮಾಡು, ಜುಲೈ ತಿಂಗಳು. ಹನಿ ಎಲ್ಲಿಂದ ಬಂತು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಲೈಟು ಹಾಕಿ, ಸ್ಟೀಲಿನ ಪಾತ್ರೆಯೊಂದನ್ನು ಹಿಡಿದುಕೊಂಡು, ತಲೆ ಎತ್ತಿ ನಾಲ್ಕೂ ಮೂಲೆ ಹುಡುಕಿದಳು. ನೆಲ ಒಣಗಿತ್ತು. ಹಾಸಿಗೆ ಒಣಗಿತ್ತು. ಪುಸ್ತಕದ ರಾಶಿಯನ್ನು ಕೈಯಿಂದ ಮುಟ್ಟಿ ನೋಡಿದಳು, ಅದೂ ಒಣಗಿತ್ತು. ಪಾತ್ರೆ ಹಿಡಿದು ಕೋಣೆಯ ನಡುವೆ ನಿಂತಾಗ ನೆನಪಾಯಿತು: ಲೆಕ್ಕ ಮುಗಿದಾಗ ಹನಿ ಬಿದ್ದ ಹಾಗೆ ಸದ್ದು ಮಾಡು ಎಂದು ಲ್ಯಾಪ್‌ಟಾಪಿಗೆ ಹೋದ ವಾರ ತಾನೇ ಹೇಳಿಕೊಟ್ಟಿದ್ದಳು.

ಪಾತ್ರೆಯನ್ನು ಕೆಳಗಿಡದೆಯೇ ಹೋಗಿ ನೋಡಿದಳು. ಪರದೆಯ ಮೇಲೆ ಪ್ರಯೋಗದ ಕಪ್ಪು ಚುಕ್ಕಿಗಳು, ಅವುಗಳ ಮೇಲೆಯೇ ಹಾದುಹೋದ ಲೆಕ್ಕದ ಕೆಂಪು ಗೆರೆ. ಒಂಬತ್ತು ಗಂಟೆ ಓಡಿದ ಲೆಕ್ಕ ಹೊಂದಿಕೊಂಡಿತ್ತು.

ಚೇತನಾ ಸೀತೂರಿನ ಕಡೆಯವಳು. ಅಪ್ಪ, ಅಮ್ಮ ತೋಟದ ಕೆಲಸಕ್ಕೆ ಹೋಗುವವರು. ಮಗಳು ಎಂ.ಟೆಕ್ ಮುಗಿಸಿ ಕೊಪ್ಪದ ಹೊರಗಿನ ಒಂದು ಸಣ್ಣ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಅಲ್ಲಿಯೇ ಪಿಎಚ್‌ಡಿಗೂ ನೋಂದಾಯಿಸಿಕೊಂಡಿದ್ದಳು. ಅವಳ ವಿಷಯ ಹನಿಗಳದ್ದು. ಎಥನಾಲನ್ನು ಸಣ್ಣ ನಳಿಕೆಯಿಂದ ಮಂಜಿನ ಹಾಗೆ ಚಿಮ್ಮಿಸಿ ಹೊತ್ತಿಸಿದರೆ, ಒಂದೊಂದು ಹನಿಯೂ ಆವಿಯಾಗುತ್ತದೆ, ಆ ಆವಿ ಉರಿಯುತ್ತದೆ. ಅಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಎಥನಾಲಿಗೆ ನೀರೆಂದರೆ ಆಸೆ. ಆವಿಯಾಗುತ್ತ ಹನಿ ತಣ್ಣಗಾಗುತ್ತದೆ, ತಣ್ಣಗಾದ ಹನಿಯ ಮೈಮೇಲೆ ಗಾಳಿಯ ತೇವ ಬಂದು ಕೂರುತ್ತದೆ, ಹನಿ ಅದನ್ನು ಒಳಗೆಳೆದುಕೊಳ್ಳುತ್ತದೆ. ಹೊರಡುವಾಗ ಪೂರ್ತಿ ಎಥನಾಲಾಗಿದ್ದದ್ದು ಕೊನೆಗಾಲಕ್ಕೆ ಬಹುಪಾಲು ನೀರು. ನೀರು ಬೇಗ ಆರುವುದಿಲ್ಲ, ಉರಿಯುವುದಂತೂ ಇಲ್ಲ. ಹಾಗಾಗಿ ಜ್ವಾಲೆ ನಳಿಕೆಯ ಬಾಯಿ ಬಿಟ್ಟು ಸ್ವಲ್ಪ ಮೇಲೆ ಹೋಗಿ ನಿಲ್ಲುತ್ತದೆ. ಎಷ್ಟು ಮೇಲೆ ಎಂಬುದನ್ನು ಬೆಂಕಿ ಹಚ್ಚುವ ಮೊದಲೇ ಲೆಕ್ಕ ಹಾಕಿ ಹೇಳುವುದು ಚೇತನಾಳ ಕೆಲಸ.

ಮಾರ್ಚಿನ ಒಣ ಹವೆಯಲ್ಲಿ ಲೆಕ್ಕವೂ ಪ್ರಯೋಗವೂ ಹೊಸ ಮದುಮಕ್ಕಳ ಹಾಗೆ ಜೊತೆಜೊತೆಗೆ ನಡೆದಿದ್ದವು. ಮಳೆ ಹಿಡಿದದ್ದೇ ಜಗಳ ಶುರುವಾಯಿತು. ಜ್ವಾಲೆ ಎಂಟು ಮಿಲಿಮೀಟರ್ ಮೇಲೆ ನಿಲ್ಲುತ್ತದೆ ಎಂದು ಲೆಕ್ಕ ಹೇಳಿದರೆ, ಪ್ರಯೋಗದಲ್ಲಿ ಅದು ಹತ್ತೊಂಬತ್ತಕ್ಕೆ ಹೋಗಿ ಕುಣಿಯುತ್ತಿತ್ತು. ಚೇತನಾ ಯಾವತ್ತೂ ಮೊದಲು ಅನುಮಾನಪಡುವುದು ತನ್ನ ಮೇಲೆಯೇ. ಬಾಗಿಲಿನ ಚಿಲಕ ಮೂರು ಸಲ ಎಳೆದು ನೋಡುವವಳು, ಲೆಕ್ಕದ ಒಂದೊಂದು ಸಾಲನ್ನೂ ಮೂರು ಸಲ ನೋಡಿದಳು. ತಪ್ಪು ಸಿಗಲಿಲ್ಲ. ಕೊನೆಗೆ ಮಾರ್ಗದರ್ಶಕರಾದ ವೃಷಭೇಂದ್ರಪ್ಪ ಸಾರ್ ದಾರಿ ತೋರಿಸಿದ್ದರು: "ಹನಿ ನೀರು ಎಳೆಯೋ ವೇಗಕ್ಕೆ ಏನಾದ್ರೂ ಒಂದು ಗುಣಾಂಕ ಹಾಕಿ ಗುಣಿಸಿ ನೋಡಮ್ಮ. ಎಷ್ಟಕ್ಕೆ ಕೂರುತ್ತೋ ಅಷ್ಟು." ಒಂದು ಪಾಯಿಂಟ್ ಮೂರು ಹಾಕಿದಳು, ಒಂದು ಪಾಯಿಂಟ್ ಐದು ಹಾಕಿದಳು. ಈ ರಾತ್ರಿ ಒಂದು ಪಾಯಿಂಟ್ ಏಳಕ್ಕೆ ಕೂತಿತು.

ಕೂರಲೇಬೇಕಿತ್ತು. ಶುಕ್ರವಾರ ಪ್ರಗತಿ ಪರಿಶೀಲನಾ ಸಮಿತಿ ಬರುತ್ತಿತ್ತು. ಹಿಂದಿನ ಎರಡು ಸಲವೂ ಅವಳ ವರದಿಯ ಕೆಳಗೆ "ಅತೃಪ್ತಿಕರ" ಎಂದು ಬರೆದು ಹೋಗಿದ್ದರು. ಮೂರನೆಯ ಸಲವೂ ಅದೇ ಪದ ಬಿದ್ದರೆ ನೋಂದಣಿ ರದ್ದು, ನಾಲ್ಕು ವರ್ಷದ ಕೆಲಸ ಹೊಳೆಗೆ.

ಬೆಳಿಗ್ಗೆ ಕೆಳಗಿಳಿದಾಗ ಪ್ರೇಮಕ್ಕ ಅಂಗಡಿಯ ಬಾಗಿಲು ತೆರೆಯುತ್ತಿದ್ದರು. ಪ್ರೇಮಕ್ಕ ಕಟ್ಟಡದ ಒಡತಿ, ಕೆಳಗಿನ ದಿನಸಿ ಅಂಗಡಿಯ ಯಜಮಾನಿ, ಬಾಳಗಡಿಯ ಸುದ್ದಿಗೆಲ್ಲ ಒಂದು ರೀತಿಯ ಬಸ್ ಸ್ಟ್ಯಾಂಡು.

"ಎಂತದೇ ಅದು, ನಡುರಾತ್ರಿ ಪಾತ್ರೆ ಹಿಡ್ಕಂಡು ಓಡಾಡಿದ್ದು? ಕಳ್ಳ ಬಂದಿದ್ನಾ, ಇಲ್ಲಾ ಹಸಿವಾಗಿತ್ತಾ?"

"ಸೋರ್ತಿದೆ ಅಂದ್ಕೊಂಡೆ ಪ್ರೇಮಕ್ಕ. ಸೋರಿಲ್ಲ. ಲೆಕ್ಕ ಮುಗಿದಿದ್ದು."

"ಆ ಹನಿ ಲೆಕ್ಕಾನಾ? ಅಂತೂ ಇಂತೂ ಕೂತಿತಾ?" ಪ್ರೇಮಕ್ಕ ಉಪ್ಪಿನ ಡಬ್ಬಿಯೊಳಗೆ ಕೈ ಹಾಕಿ ಒದ್ದೆ ಮುದ್ದೆಯೊಂದನ್ನು ಎತ್ತಿ ತೋರಿಸಿದರು. "ನೋಡು, ನಿನ್ನ ಎಥನಾಲಿನ ತಮ್ಮ. ಈ ಮಳೇಲಿ ಇದೂ ಗಾಳಿಯಿಂದ ನೀರು ಕುಡಿದು ಅಳ್ತಾ ಕೂತಿದೆ. ಇದರ ಮೇಲೆ ಯಾರೂ ಡಾಕ್ಟರೇಟ್ ಕೊಡಲ್ವಾ? ನಾನೂ ಒಂದು ತಗಂಬಿಡ್ತೀನಿ."

ನಾಲ್ಕು ವರ್ಷದಲ್ಲಿ ಚೇತನಾಳ ಸಂಶೋಧನೆಯನ್ನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರು ಸಮಿತಿಯಲ್ಲೂ ಇರಲಿಲ್ಲ.

ವೃಷಭೇಂದ್ರಪ್ಪ ಸಾರ್ ವಿಭಾಗದ ಮುಖ್ಯಸ್ಥರು. ದಿನಾ ನರಸಿಂಹರಾಜಪುರದಿಂದ, ಅಂದರೆ ಎನ್.ಆರ್. ಪುರದಿಂದ, ಕಾರಿನಲ್ಲಿ ಬಂದು ಹೋಗುವವರು. ಗೆರೆ ನೋಡಿದ್ದೇ ಕುರ್ಚಿಯಿಂದ ಎದ್ದುಬಿಟ್ಟರು.

"ನೋಡ್ದ್ಯಾ! ನಾನು ಹೇಳಿರ್ಲಿಲ್ವಾ? ಒಂದು ಪಾಯಿಂಟ್ ಏಳು. ಇದಕ್ಕೊಂದು ಹೆಸರಿಡಬೇಕು ಚೇತನಾ. ಮಲೆನಾಡು ಗುಣಾಂಕ! ಹೆಂಗೆ?"

"ಚೆನ್ನಾಗಿದೆ ಸಾರ್. ಆದ್ರೆ..." ಚೇತನಾ ಪದ ಹುಡುಕಿದಳು. "ಒಂದು ಪಾಯಿಂಟ್ ಏಳೇ ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ."

"ಯಾಕೆ ಅಂದ್ರೆ ಮಲೆನಾಡು, ಅದಕ್ಕೆ! ಇಲ್ಲಿನ ಥಂಡಿ ಬೇರೆ ಕಡೆ ಎಲ್ಲಿದೆ ಹೇಳು. ಬರೋರು ಬಯಲುಸೀಮೆಯವರು. ಅವರಿಗೆ ಯಾಕೆ ಅಂತ ಕೇಳೋ ಧೈರ್ಯ ಬರಲ್ಲ."

ಹೊರಡುವಾಗ ಮೇಜಿನ ಮೇಲೆ ಟೈಪಾದ ಹಾಳೆಯೊಂದು ಕಣ್ಣಿಗೆ ಬಿತ್ತು. "ಕಾರಣ ಕೇಳಿ ನೋಟಿಸ್" ಎಂದಿತ್ತು. ಸಾರ್ ಒಳ್ಳೆಯವರೇ, ಆದರೆ ನೋಟಿಸ್ ಬರೆಯುವುದರಲ್ಲಿ ಅವರಿಗೆ ವಿಪರೀತ ಪ್ರೀತಿ. ಗೇಟಿಗೆ ಬೀಗ ಹಾಕಲು ಮರೆತ ವಾಚ್‌ಮನ್ನಿಗೆ ಹೋದ ವರ್ಷ ಮೂರು ನೋಟಿಸ್ ಕೊಟ್ಟು ಮನೆಗೇ ಕಳಿಸಿದ್ದರು.

ಸಮಿತಿಗೆ ತೋರಿಸಲು ಜ್ವಾಲೆಯ ಒಂದು ಚೆಂದದ ಫೋಟೋ ಬೇಕಿತ್ತು. ಮಂಗಳವಾರ ಮಧ್ಯಾಹ್ನ ಪಾಠ ಮುಗಿಸಿ ಚೇತನಾ ಲ್ಯಾಬಿಗೆ ಬಂದಳು. ಬೆಂಕಿ ಆರಿಸುವ ಸಿಲಿಂಡರ್ ಜಾಗದಲ್ಲಿದೆಯೇ ಎಂದು ನೋಡಿದಳು. ಮತ್ತೊಮ್ಮೆ ನೋಡಿದಳು. ಆದರೆ ಎಥನಾಲಿನ ಬಾಟಲಿಯಲ್ಲಿ ಎರಡು ಬೆರಳಷ್ಟೂ ಉಳಿದಿರಲಿಲ್ಲ.

ಬಾಟಲಿ ತುಂಬುವುದು ಅಟೆಂಡರ್ ಮಂಜಯ್ಯನ ಕೆಲಸ. ಹಿರೇಕೊಡಿಗೆಯ ಮಂಜಯ್ಯ ಐವತ್ತೈದರ ಆಳು. ಕಾಲೇಜಿಗೆ ಬರುವ ಮೊದಲು ಇಪ್ಪತ್ತು ಮಳೆಗಾಲ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆದವನು. ನಳಿಕೆಯ ತೂತು ಕಟ್ಟಿದರೆ ಚೇತನಾ ಪುಸ್ತಕ ಹುಡುಕುತ್ತಿದ್ದಳು, ಮಂಜಯ್ಯ ಬಾಯಿಂದ ಒಮ್ಮೆ ಊದಿ, ಬೆಳಕಿಗೆ ಹಿಡಿದು, "ಈಗ ಮಂಜು ಸಣ್ಣ ಬರ್ತದೆ ನೋಡಿ" ಎನ್ನುತ್ತಿದ್ದ. ಹಾಗೆಯೇ ಬರುತ್ತಿತ್ತು. ಏಜೆನ್ಸಿಯ ಮೂಲಕ ವರ್ಷ ವರ್ಷಕ್ಕೆ ಮುಂದುವರಿಸುವ ಕೆಲಸ ಅವನದು. ಈ ವರ್ಷದ ಕಾಗದ ಇನ್ನೂ ವೃಷಭೇಂದ್ರಪ್ಪ ಸಾರ್ ಮೇಜಿನ ಮೇಲೆಯೇ ಇತ್ತು.

ಮಂಜಯ್ಯ ಚಹಾಕ್ಕೆ ಹೋಗಿದ್ದ. ತಾನೇ ತುಂಬಿಕೊಳ್ಳೋಣವೆಂದು ಚೇತನಾ ಹಿಂದಿನ ಉಗ್ರಾಣಕ್ಕೆ ಹೋದಳು. ಇಪ್ಪತ್ತು ಲೀಟರಿನ ನೀಲಿ ಕ್ಯಾನು ಮೂಲೆಯಲ್ಲಿ ಖಾಲಿ ಬಿದ್ದಿತ್ತು, ಅಡಿಯಲ್ಲೊಂದು ಬಿರುಕು. ಅದರ ಪಕ್ಕದಲ್ಲಿ, ಮಣೆಯ ಮೇಲೆ, ಕಂದು ಕುತ್ತಿಗೆಯ ದೊಡ್ಡದೊಂದು ಪಿಂಗಾಣಿ ಭರಣಿ. ಅದರ ಬಾಯಿಗೆ ಬಿಳಿಯ ಪಂಚೆಯ ಬಟ್ಟೆ ಮೂರು ಪದರ ಮಡಚಿ ಹೊದಿಸಿ, ಬಾಳೆನಾರಿನಿಂದ ಸುತ್ತಿ ಸುತ್ತಿ, ಕೊನೆಗೆ ಮುದ್ದಾದ ಗಂಟು ಹಾಕಿತ್ತು. ಮನೆಯಲ್ಲಿ ಅಮ್ಮ ಮಿಡಿ ಉಪ್ಪಿನಕಾಯಿಯ ಭರಣಿಗೆ ಕಟ್ಟುವುದು ಹೀಗೆಯೇ.

ಚೇತನಾ ಬಗ್ಗಿ ಮೂಸಿದಳು. ಉಪ್ಪಿನಕಾಯಿ ಅಲ್ಲ.

"ಅಯ್ಯೋ ದೇವರೇ," ಎಂದಳು ಮೆಲ್ಲಗೆ.

"ಎಂತಾತು ಮೇಡಮ್ಮ?" ಮಂಜಯ್ಯ ಬಾಗಿಲಲ್ಲಿ ನಿಂತಿದ್ದ. ಅವಳು ಭರಣಿ ನೋಡುತ್ತಿರುವುದು ಕಂಡು ಅವನ ಮುಖ ಅರಳಿತು. "ಓ, ಅದಾ. ಜೂನಿನಲ್ಲಿ ಕ್ಯಾನು ಬಿರುಕು ಬಿಟ್ಟಿತ್ತು. ಮನೆಯಿಂದ ಹೊಸ ಭರಣಿ ತಂದೆ. ಉಪ್ಪಿನಕಾಯಿ ಒಂದು ಸಲಾನೂ ಹಾಕಿದ್ದಲ್ಲ ಮತ್ತೆ! ಮೂರು ಸಲ ತೊಳೆದು, ಕೆಂಡದ ಹತ್ರ ಇಟ್ಟು ಒಣಗಿಸಿ, ಆಮೇಲೆ ಸ್ಪಿರಿಟ್ ಹೊಯ್ದೆ."

"ಮುಚ್ಚಳ?"

"ಮುಚ್ಚಳ ಹಾಕ್ಬಾರ್ದಲ್ಲ. ಏಪ್ರಿಲಿನ ಸೆಕೆಗೆ ಕ್ಯಾನು ಹೆಂಗೆ ಉಬ್ಬಿತ್ತು ನೆನಪಿಲ್ವಾ? ಒಳಗಿನ ಮಾಲು ಉಸಿರಾಡಬೇಕು. ಬಟ್ಟೆ ಕಟ್ಟಿದ್ರೆ ಕಸ ಬೀಳಲ್ಲ, ಗಾಳೀನೂ ಆಡ್ತದೆ."

"ನಂಗೆ ಯಾಕೆ ಹೇಳ್ಲಿಲ್ಲ ಮಂಜಣ್ಣ?"

"ನೀವು ಮೊದ್ಲೇ ಹೆದರೋ ಜನ. ಕ್ಯಾನು ಒಡೀತು ಅಂದ್ರೆ ಊಟ ಬಿಡ್ತಿದ್ರಿ," ಎಂದ ಮಂಜಯ್ಯ ಅಕ್ಕರೆಯಿಂದ.

ಅದು ನಿಜವೇ. ಚೇತನಾ ಗಾಜಿನ ಜಾಡಿಯಲ್ಲಿ ಅಷ್ಟು ಎಥನಾಲ್ ತೆಗೆದುಕೊಂಡು ಹೋಗಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ತೇಲಿಬಿಟ್ಟಳು. ಸೊನ್ನೆ ಪಾಯಿಂಟ್ ಏಳು ಒಂಬತ್ತರ ಹತ್ತಿರ ನಿಲ್ಲಬೇಕಿದ್ದದ್ದು ಎಂಟು ಎರಡಕ್ಕೆ ನಿಂತಿತು. ಕೋಷ್ಟಕ ತೆರೆದು ನೋಡಿದಳು. ನೂರರಲ್ಲಿ ಹನ್ನೆರಡು ಪಾಲು ನೀರು.

ನಳಿಕೆಯಿಂದ ಹೊರಟ ಮೇಲೆ ಹನಿ ಎಷ್ಟು ನೀರು ಕುಡಿಯುತ್ತದೆ ಎಂದು ಅವಳು ನಾಲ್ಕು ವರ್ಷದಿಂದ ಲೆಕ್ಕ ಹಾಕುತ್ತಿದ್ದಳು. ಹನಿಯಾಗುವ ಮೊದಲೇ ಎಥನಾಲ್ ಉಗ್ರಾಣದಲ್ಲಿ ಕೂತು ಒಂದೂವರೆ ತಿಂಗಳು ಮಳೆಗಾಲವನ್ನು ಹೊಟ್ಟೆತುಂಬ ಕುಡಿದಿತ್ತು. ಜ್ವಾಲೆ ಹತ್ತೊಂಬತ್ತಕ್ಕೆ ಹಾರದೆ ಇನ್ನೇನು ಮಾಡೀತು? ಮಲೆನಾಡು ಗುಣಾಂಕ ಎಂಬುದು ಎಲ್ಲಿಯೂ ಇರಲಿಲ್ಲ. ಅದು ಮಂಜಯ್ಯನ ಪಂಚೆಯ ಗುಣಾಂಕ.

ಚೇತನಾ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಯೋಚಿಸಿದಳು. ಭರಣಿಯ ವಿಷಯ ಇಡೀ ಜಗತ್ತಿನಲ್ಲಿ ಇಬ್ಬರಿಗೆ ಗೊತ್ತು. ಅದರಲ್ಲೊಬ್ಬರಿಗೆ ಅದರ ಅರ್ಥ ಗೊತ್ತಿಲ್ಲ. ಅವಳು ಬಾಯಿ ಮುಚ್ಚಿಕೊಂಡರೆ ಶುಕ್ರವಾರ ಕೆಂಪು ಗೆರೆ ಕಪ್ಪು ಚುಕ್ಕಿಗಳ ಮೇಲೆ ಹಾದುಹೋಗುತ್ತದೆ, ಸಮಿತಿ ತಲೆಯಾಡಿಸುತ್ತದೆ, ವೃಷಭೇಂದ್ರಪ್ಪ ಸಾರ್ ಮೀಸೆ ತಿರುವುತ್ತಾರೆ. ಬಾಯಿ ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಮೂರು ದಿನದಲ್ಲಿ ಒಣ ಎಥನಾಲ್ ಎಲ್ಲಿ ಸಿಗುತ್ತದೆ? ಸಿಕ್ಕಿದರೂ ಜ್ವಾಲೆ ಎಲ್ಲಿ ನಿಲ್ಲುತ್ತದೋ, ಯಾರು ಕಂಡವರು?

ಅವಳಿಗೆ ತಪ್ಪು ಮಾಡುವ ಹೆದರಿಕೆ ದೊಡ್ಡದು. ಆದರೆ ತಪ್ಪು ಎಂದು ಗೊತ್ತಿರುವ ಗೆರೆಯ ಪಕ್ಕ ನಿಂತು ಮೂವರು ಪ್ರೊಫೆಸರ್‌ಗಳಿಗೆ ಕೋಲಿನಿಂದ ಅದನ್ನು ತೋರಿಸುವುದು ಅದಕ್ಕಿಂತ ದೊಡ್ಡ ಹೆದರಿಕೆಯಾಗಿತ್ತು. ಫೋನ್ ತೆಗೆದು ಶೃಂಗೇರಿಯ ಯಜ್ಞೇಶನಿಗೆ ಕರೆ ಮಾಡಿದಳು. ಯಜ್ಞೇಶ ಅವಳ ಹಳೆಯ ಸಹಪಾಠಿ, ಈಗ ಅಲ್ಲಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಮೇಷ್ಟ್ರು.

"ಎಥನಾಲಾ? ಎರಡೂವರೆ ಲೀಟರಾ?" ಯಜ್ಞೇಶ ನಕ್ಕ. "ಎಂತ ಮಾರಾಯ್ತಿ, ಪಿಎಚ್‌ಡಿ ಬೇಸರ ಬಂದು ಈ ದಾರಿ ಹಿಡಿದ್ಯಾ?"

"ತಮಾಷೆ ಸಾಕು. ಸೀಲ್ ಒಡೆಯದ್ದು ಇದ್ಯಾ?"

"ಇದೆ. ಒಂದೇ ಬಾಟಲಿ. ನಿಮ್ಮ ಆರ್ಡರ್ ಬಂದ ತಕ್ಷಣ ವಾಪಸ್ ಕೊಡ್ಬೇಕು. ಬರಹದಲ್ಲಿ ಕೊಡು. ಬಸ್ಸಲ್ಲಿ ಮಾತ್ರ ತರ್ಬೇಡ, ಕಂಡಕ್ಟರ್ ನಿನ್ನನ್ನೂ ಬಾಟಲೀನೂ ಇಳಿಸ್ತಾನೆ."

ಹಾಗಾಗಿ ಬುಧವಾರ ಮಧ್ಯಾಹ್ನ ಚೇತನಾಳ ಸ್ಕೂಟರ್ ಹರಿಹರಪುರದ ಮೇಲೆ ಶೃಂಗೇರಿಗೆ ಹೊರಟಿತು. ಹಿಂದೆ ಮಂಜಯ್ಯ. ವಾಪಸ್ ಬರುವಾಗ ಅವನ ತೊಡೆಯ ಮೇಲೆ ಎರಡು ಟವೆಲು ಸುತ್ತಿದ ಬಾಟಲಿ, ಅದರ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಅವನ ರೇನ್‌ಕೋಟು. ಅವನು ಮಾತ್ರ ಪೂರ್ತಿ ಒದ್ದೆ. ಬಾಣಂತಿ ಮನೆಯಿಂದ ಕೂಸು ತರುವವನ ಹಾಗೆ ಕೂತಿದ್ದ. ಮಗ್ಗುಲಲ್ಲಿ ತುಂಗೆ ಕೆಂಪಗೆ, ದಡ ಮುಟ್ಟಿ ಹರಿಯುತ್ತಿತ್ತು.

"ನಿಧಾನ ಹೋಗಿ ಮೇಡಮ್ಮ."

"ಇಪ್ಪತ್ತೈದರಲ್ಲಿ ಹೋಗ್ತಿದೀನಿ ಮಂಜಣ್ಣ. ಈಗಷ್ಟೇ ಒಂದು ಎಮ್ಮೆ ನಮ್ಮನ್ನ ದಾಟಿ ಹೋಯ್ತು."

ಮಂಜಯ್ಯ ನಗಲಿಲ್ಲ. ಬಾಟಲಿಯನ್ನು ಇನ್ನಷ್ಟು ಅಪ್ಪಿಕೊಂಡ.

"ನಾನು ಎಂತದೋ ಎಡವಟ್ಟು ಮಾಡಿದೀನಿ ಅಲ್ವಾ? ನಿನ್ನೆಯಿಂದ ನೀವು ನನ್ನ ಬೈದೇ ಇಲ್ಲ."

ಚೇತನಾ ಸ್ಕೂಟರನ್ನು ರಸ್ತೆ ಬದಿಯ ಬಸ್ ತಂಗುದಾಣದೊಳಗೆ ನಿಲ್ಲಿಸಿದಳು. ಸುಳ್ಳು ಹೇಳಬಹುದಿತ್ತು, ಆದರೆ ಬಾಟಲಿಯನ್ನು ಹಾಗೆ ಅಪ್ಪಿಕೊಂಡು ಕೂತವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಸ್ಪಿರಿಟ್ ಗಾಳಿಯ ನೀರನ್ನ ಕುಡೀತದೆ ಮಂಜಣ್ಣ. ನಮ್ಮ ಮಳೆಗಾಲಕ್ಕೆ ಬಟ್ಟೆ ಸಾಲದು. ಭರಣಿಯಲ್ಲಿದ್ದದ್ದಕ್ಕೆ ನೀರು ಸೇರಿಬಿಟ್ಟಿತ್ತು. ಅದರ ಉರಿ ಅಳೆದು ನಾನು ಲೆಕ್ಕ ಹೊಂದಿಸಿದೆ. ಆ ಲೆಕ್ಕ ಸುಳ್ಳಾಯ್ತು."

ಮಂಜಯ್ಯ ಬಾಟಲಿಯ ಕಡೆ ನೋಡಿದ. "ಶುಕ್ರವಾರದ್ದು?"

"ಶುಕ್ರವಾರದ್ದೇ."

"ನಾನು ಹೋಗಿ ಸಾರ್ ಹತ್ರ ಹೇಳ್ತೀನಿ. ಮೇಡಮ್ಮಂದು ಏನೂ ತಪ್ಪಿಲ್ಲ, ನಂದೇ ಬುದ್ಧಿ ಅಂತ."

"ಹೇಳಿದ್ರೆ ಅವರು ನೋಟಿಸ್ ಬರೀತಾರೆ. ಅದೇ ಪೆನ್ನಲ್ಲಿ ನಿಮ್ಮ ಕಾಗದದ ಮೇಲೂ ಬೇಡ ಅಂತ ಬರೀತಾರೆ. ಶುಕ್ರವಾರ ಕಳೆಯೋವರೆಗೆ ಯಾರ ಹತ್ರಾನೂ ಒಂದು ಮಾತೂ ಆಡಬೇಡಿ."

"ಇಪ್ಪತ್ತು ವರ್ಷ ಔಷಧಿ ಹೊಡೆದೆ," ಎಂದ ಮಂಜಯ್ಯ, ತನ್ನಷ್ಟಕ್ಕೆ. "ಒಂದು ಹನಿ ಹೆಚ್ಚು ಕಮ್ಮಿ ಮಾಡಿದವನಲ್ಲ."

"ಅದಕ್ಕೇ ನಾಳೆ ನಳಿಕೆ ನೀವೇ ತೊಳೀಬೇಕು. ಕೂತ್ಕೊಳ್ಳಿ, ಮಳೆ ಬರ್ತದೆ."

ಗುರುವಾರ ಬೆಳಿಗ್ಗೆ ಲ್ಯಾಬಿನ ಕಿಟಕಿಗಳ ಗಾಜು ಬೆವರುತ್ತಿತ್ತು. ತೇವ ಅಳೆಯುವ ಮೀಟರು ತೊಂಬತ್ತನಾಲ್ಕು ತೋರಿಸಿತು. ಮಂಜಯ್ಯ ನಳಿಕೆ ತೊಳೆದು, ಊದಿ, ಬೆಳಕಿಗೆ ಹಿಡಿದು ಜೋಡಿಸಿದ. ಚೇತನಾ ಸೀಲ್ ಒಡೆದು ಮೊದಲು ಹೈಡ್ರೋಮೀಟರ್ ತೇಲಿಬಿಟ್ಟಳು. ನಿಲ್ಲಬೇಕಾದಲ್ಲಿ ನಿಂತಿತು. ಸಿಲಿಂಡರ್ ನೋಡಿದಳು. ಇನ್ನೊಮ್ಮೆ ನೋಡಿದಳು. ಹೊತ್ತಿಸಿದಳು.

ನೀಲಿ ಜ್ವಾಲೆ ಎದ್ದು, ಒಮ್ಮೆ ನಡುಗಿ, ನೆಟ್ಟಗಾಯಿತು. ನಳಿಕೆಯ ಬಾಯಿಂದ ಸ್ವಲ್ಪವೇ ಮೇಲೆ. ಇಬ್ಬರೂ ಗಾಜಿನ ಈಚೆ ಬಗ್ಗಿ ಅಳತೆಪಟ್ಟಿ ನೋಡಿದರು.

"ಇದು ಕೆಳಗೇ ಕೂತುಬಿಡ್ತಲ್ಲ," ಎಂದ ಮಂಜಯ್ಯ ಗಾಬರಿಯಿಂದ. "ಒಳ್ಳೇದಾ, ಕೆಟ್ಟದ್ದಾ?"

ಒಂಬತ್ತು ಮಿಲಿಮೀಟರ್. ಚೇತನಾ ಮತ್ತೆ ಹಚ್ಚಿದಳು. ಎಂಟೂವರೆ. ಮತ್ತೆ. ಒಂಬತ್ತು. ಯಾವ ಗುಣಾಂಕವೂ ಇಲ್ಲದ ಅವಳ ಹಳೆಯ ಲೆಕ್ಕ, ಮೂರು ಸಲ ನೋಡಿಯೂ ತಪ್ಪು ಸಿಗದೆ ಅನುಮಾನದಿಂದ ಬದಿಗಿಟ್ಟಿದ್ದ ಲೆಕ್ಕ, ಎಂಟು ಎಂದಿತ್ತು.

"ಒಳ್ಳೇದು ಮಂಜಣ್ಣ," ಎಂದಳು. "ನಾನು ಮೊದಲು ಮಾಡಿದ್ದೇ ಸರಿ ಇತ್ತು."

"ಮತ್ತೆ ತಿದ್ದಿದ್ದು ಯಾಕೆ?"

ಭರಣಿಯನ್ನು ಅನುಮಾನಿಸಬೇಕಿದ್ದ ಹೊತ್ತಿನಲ್ಲಿ ತನ್ನನ್ನು ಅನುಮಾನಿಸಿಕೊಂಡಿದ್ದಳು, ಅಷ್ಟೇ. ಸಂಜೆಯೊಳಗೆ ಇನ್ನೊಂದು ಕೆಲಸ ಮಾಡಿದಳು. ಹಳೆಯ ಲೆಕ್ಕಕ್ಕೆ, ಹನಿ ಹೊರಡುವಾಗಲೇ ಅದರಲ್ಲಿ ನೂರಕ್ಕೆ ಹನ್ನೆರಡು ಪಾಲು ನೀರಿದೆ ಎಂದು ಹೇಳಿ ಓಡಿಸಿದಳು. ಲೆಕ್ಕ ಹದಿನೆಂಟು ಎಂದಿತು. ಪ್ರಯೋಗದಲ್ಲಿ ಹತ್ತೊಂಬತ್ತು ಬಂದಿತ್ತು. ಒದ್ದೆ ಎಥನಾಲಿಗೂ ಅದೇ ಲೆಕ್ಕ ಸಾಕು, ಒಣ ಎಥನಾಲಿಗೂ ಅದೇ ಸಾಕು.

ಇನ್ನು ಉಳಿದದ್ದು ವೃಷಭೇಂದ್ರಪ್ಪ ಸಾರ್.

ಅವರು ಸ್ಲೈಡಿನಲ್ಲಿ "ಮಲೆನಾಡು ಗುಣಾಂಕ" ಎಂಬ ಅಕ್ಷರಗಳಿಗೆ ಹಸಿರು ಬಣ್ಣ ಹಚ್ಚುತ್ತಿದ್ದರು. ಚೇತನಾ ನಿಂತುಕೊಂಡೇ ಎಲ್ಲ ಹೇಳಿದಳು. ಇಂಧನಕ್ಕೆ ನೀರು ಸೇರಿತ್ತು, ಗೊತ್ತಾದ ಮೇಲೆ ಒಣ ಇಂಧನ ತರಿಸಿ ಮತ್ತೆ ಅಳೆದೆ, ಗುಣಾಂಕ ಬೇಕಾಗಲಿಲ್ಲ. ಮೂರೇ ವಾಕ್ಯ. ಮಧ್ಯಾಹ್ನವೆಲ್ಲ ತೂಗಿ ತೂಗಿ ಜೋಡಿಸಿದ್ದವು.

"ಬೇಕಾಗಲಿಲ್ಲ ಅಂದ್ರೆ?"

"ಅದು ಇಲ್ಲ ಸಾರ್. ಇರಲೇ ಇಲ್ಲ."

ಸಾರ್ ಹಸಿರು ಅಕ್ಷರಗಳನ್ನು ನೋಡಿದರು. "ನಿನ್ನೆ ಎನ್.ಆರ್. ಪುರದಲ್ಲಿ ನಾಲ್ಕು ಜನಕ್ಕೆ ಹೇಳಿಬಿಟ್ಟೆನಲ್ಲ ಮಾರಾಯ್ತಿ," ಎಂದರು. ಆ ದನಿ ಕೇಳಿ ಚೇತನಾಗೆ ಪಾಪ ಎನಿಸಿತು. ಆಮೇಲೆ ಅವರೇ ಅವಳು ತಂದಿದ್ದ ಹೊಸ ಗ್ರಾಫನ್ನು ಹತ್ತಿರ ಎಳೆದುಕೊಂಡು, ಕನ್ನಡಕ ಏರಿಸಿ, ಒದ್ದೆಯದು, ಒಣದ್ದು, ಎರಡೂ ಗೆರೆಗಳನ್ನು ಬೆರಳಿನಿಂದ ಸವರಿ ನೋಡಿದರು. ಎಷ್ಟಾದರೂ ಮೇಷ್ಟ್ರು. "ಇದು ಅದಕ್ಕಿಂತ ಗಟ್ಟಿ ಇದೆ," ಎಂದರು ಕೊನೆಗೆ, ಒಲ್ಲದ ಮನಸ್ಸಿನಿಂದ. "ಆದ್ರೆ ನೀರು ಹೆಂಗೆ ಸೇರಿತು?"

"ಕ್ಯಾನು ಬಿರುಕು ಬಿಟ್ಟಿತ್ತು. ಬೇರೆ ಪಾತ್ರೆಗೆ ಹಾಕಿದ್ದು ಸರಿಯಾಗಿ ಮುಚ್ಚಿರಲಿಲ್ಲ."

"ಯಾರು ಹಾಕಿದ್ದು?"

"ಬಳಸೋ ಮೊದಲು ಪರೀಕ್ಷೆ ಮಾಡಬೇಕಾಗಿದ್ದು ನಾನು ಸಾರ್. ಮಾಡಲಿಲ್ಲ."

"ನಾನು ಕೇಳಿದ್ದು ಅದಲ್ಲ." ಸಾರ್ ಗಡಿಯಾರ ನೋಡಿದರು. "ನಾಳೆ ಮುಗೀಲಿ. ಆಮೇಲೆ ಇದರ ವಿಚಾರಣೆ ಆಗಬೇಕು."

ಶುಕ್ರವಾರ ಸಮಿತಿಯ ಮೂವರೂ ಘಾಟಿಯ ತಿರುವುಗಳಿಂದ ತಲೆ ತಿರುಗಿಸಿಕೊಂಡು ಬಂದಿದ್ದರು. ಮೊದಲ ಅರ್ಧ ಗಂಟೆ ನಿಂಬೆಹಣ್ಣಿನ ಶರಬತ್ತಿಗೆ ಹೋಯಿತು. ಆಮೇಲೆ ಚೇತನಾ ಕೋಲು ಹಿಡಿದು ಮಾತು ಶುರು ಮಾಡಿದಳು. ಒಣ ಇಂಧನದ ಗ್ರಾಫು ಮೊದಲು, ಒದ್ದೆಯದು ಆಮೇಲೆ.

ಸಮಿತಿಯಲ್ಲಿದ್ದ ಮೇಡಂ ಒಬ್ಬರು ಇಷ್ಟು ಹೊತ್ತೂ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. "ಈ ಹನ್ನೆರಡು ಪಾಲು ನೀರಿನ ಇಂಧನವನ್ನ ಬೇಕಂತಲೇ ಮಾಡ್ಕೊಂಡಿರಾ?"

ಹೌದು ಎಂದರೆ ಕೇಳುವುದಕ್ಕೆ ಎಷ್ಟು ಚೆನ್ನಾಗಿರುತ್ತಿತ್ತು!

"ಇಲ್ಲ ಮೇಡಂ. ನಮಗೆ ಗೊತ್ತಿಲ್ಲದೆ ನೀರು ಸೇರಿತ್ತು. ಅದರಿಂದ ನಾನು ತಪ್ಪು ತೀರ್ಮಾನಕ್ಕೂ ಬಂದಿದ್ದೆ. ಗೊತ್ತಾದ ಮೇಲೆ ನೀರಿನ ಪಾಲು ಅಳೆದು ಲೆಕ್ಕಕ್ಕೆ ಸೇರಿಸಿದೆ. ವರದಿಯ ಹನ್ನೊಂದನೇ ಪುಟದಲ್ಲಿ ಹಾಗೇ ಬರೆದಿದ್ದೀನಿ."

ಮೇಡಂ ಹನ್ನೊಂದನೇ ಪುಟ ತೆರೆದು ಓದಿದರು. ಪಕ್ಕದವರಿಗೆ ತೋರಿಸಿದರು. ಏನೋ ಪಿಸುಗುಟ್ಟಿದರು. ಚೇತನಾಳನ್ನು ಹತ್ತು ನಿಮಿಷ ಹೊರಗೆ ನಿಲ್ಲಿಸಿ ಮತ್ತೆ ಕರೆದಾಗ ವರದಿಯ ಕೆಳಗೆ ಒಂದೇ ಪದ ಇತ್ತು. "ತೃಪ್ತಿಕರ." ಅವಳು ಅದನ್ನು ಮೂರು ಸಲ ಓದಿದಳು, ಮುಂದೆ "ಅ" ಇದೆಯೇ ಎಂದು.

ಸಮಿತಿಯ ಕಾರು ಗೇಟು ದಾಟಿದ ಮೇಲೆ ವೃಷಭೇಂದ್ರಪ್ಪ ಸಾರ್ ಖುಷಿಯಲ್ಲಿಯೇ ಕರೆದರು. ಮೇಜಿನ ಮೇಲೆ ಹೊಸ ಹಾಳೆ, ಕೈಯಲ್ಲಿ ಪೆನ್ನು.

"ಕೂತ್ಕೋ. ಈಗ ಹೇಳು. ಆ ಪಾತ್ರೆ ಬದಲಾಯಿಸಿದ್ದು ಯಾರು? ಫೈಲಿಗೆ ಬೇಕು."

"ಫೈಲಿಗೆ ನನ್ನ ಹೆಸರೇ ಬರೀರಿ ಸಾರ್. ಇಂಧನ ನನ್ನ ಪ್ರಯೋಗದ್ದು, ಪರೀಕ್ಷೆ ಮಾಡದೆ ಬಳಸಿದ್ದು ನಾನು. ಕಾರಣ ಕೇಳಿ ನೋಟಿಸ್ ಕೊಟ್ರೆ ನಾಳೆನೇ ಉತ್ತರ ಕೊಡ್ತೀನಿ."

ಸಾರ್ ಪೆನ್ನು ಎತ್ತಿ ಹಿಡಿದರು. ಇಂದು ತಾನೇ "ತೃಪ್ತಿಕರ" ಆದ ತಮ್ಮದೇ ವಿದ್ಯಾರ್ಥಿನಿಗೆ ನೋಟಿಸ್ ಕೊಡುವುದು ಅವರ ಕೈಗೂ ಒಗ್ಗಲಿಲ್ಲ. ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.

"ಆಯ್ತು, ಹೋಗು. ಇನ್ನು ಮೇಲೆ ಪ್ರತಿ ವಾರ ಹೈಡ್ರೋಮೀಟರ್ ಹಾಕಿ ನೋಡ್ಬೇಕು. ಆ ಮಂಜಯ್ಯಂಗೂ ಕಲಿಸು, ಚುರುಕಿದಾನೆ. ಅವನ ಕಾಗದ ಇವತ್ತೇ ಸಹಿ ಮಾಡಿ ಕಳಿಸ್ದೆ."

"ಕಲಿಸ್ತೀನಿ ಸಾರ್," ಎಂದು ಚೇತನಾ ಆದಷ್ಟು ನಿಧಾನವಾಗಿ ಎದ್ದು ಹೊರಬಂದಳು.

ಮಂಜಯ್ಯ ಮೆಟ್ಟಿಲ ಹತ್ತಿರ ಕಾಯುತ್ತಿದ್ದ. ಅವಳು ತಲೆಯಾಡಿಸಿದಳು. ಅವನೂ ತಲೆಯಾಡಿಸಿ, ಹೆಗಲ ಮೇಲಿನ ಟವೆಲು ಕೊಡವಿ, ಖಾಲಿ ಮಾಡಿ ತೊಳೆದಿಟ್ಟಿದ್ದ ಭರಣಿಯನ್ನು ಮನೆಗೆ ಒಯ್ಯಲೆಂದು ಉಗ್ರಾಣದ ಕಡೆ ಹೋದ.

ಸಂಜೆ ಬಾಳಗಡಿಗೆ ಬಂದಾಗ ಪ್ರೇಮಕ್ಕ ಅಂಗಡಿಯ ಹೊರಗೇ ನಿಂತಿದ್ದರು.

"ಏನಾತೇ?"

"ಪಾಸಾಯ್ತು ಪ್ರೇಮಕ್ಕ."

"ಶಿವನ ಕೃಪೆ! ಬಾ, ಕೂರು. ಬಿಡಿಸಿ ಹೇಳು. ಬುಧವಾರ ನೀನು ಮಂಜಯ್ಯನ್ನ ಸ್ಕೂಟರಲ್ಲಿ ಕೂರಿಸ್ಕಂಡು ಎಲ್ಲಿಗೋ ಹೋದ್ಯಂತೆ. ಅವನ ಮಡಿಲಲ್ಲಿ ಎಂತದೋ ಟವೆಲು ಸುತ್ತಿದ್ದು ಇತ್ತಂತೆ. ಮೂರು ಜನ ಬಂದು ಕೇಳಿದ್ರು ನನ್ನ. ಎಂತದದು?"

ಚೇತನಾ ಬೆಂಚಿನ ಮೇಲೆ ಕೂತಳು. ಪ್ರೇಮಕ್ಕ ಕೈಗೆ ಬಿಸಿ ಕಾಫಿ ಕೊಟ್ಟರು. ಅವಳ ಇಷ್ಟು ವರ್ಷದ ಬದುಕಿನಲ್ಲಿ ನಾಲ್ಕು ಜನ ಕೂತು ಕೇಳುವಂಥ ಕತೆಯೊಂದು ಅವಳ ಬಳಿ ಇದ್ದದ್ದು ಇದೇ ಮೊದಲು. ಮೂರು ಪದರದ ಪಂಚೆ, ಬಾಳೆನಾರಿನ ಗಂಟು, ಹಸಿರು ಬಣ್ಣದ ಗುಣಾಂಕ, ದಾಟಿ ಹೋದ ಎಮ್ಮೆ. ಹೇಳಿದರೆ ಪ್ರೇಮಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮತ್ತೆ ನಾಳೆ ಹಾಲು ತರಲು ಬಂದವರು ನಗುತ್ತಾರೆ. ವೃಷಭೇಂದ್ರಪ್ಪ ಸಾರ್ ಕಾರು ಎನ್.ಆರ್. ಪುರ ಮುಟ್ಟುವ ಮೊದಲೇ ಕತೆ ಅಲ್ಲಿ ಇಳಿದು ಕಾಯುತ್ತಿರುತ್ತದೆ. ಹಿರೇಕೊಡಿಗೆಯಲ್ಲಿ ಮಂಜಯ್ಯ ಬಸ್ಸಿನಿಂದ ಇಳಿಯುವಾಗಲೆಲ್ಲ ಯಾರಾದರೊಬ್ಬರು ಭರಣಿಯ ಕ್ಷೇಮ ವಿಚಾರಿಸುತ್ತಾರೆ.

"ಲ್ಯಾಬಿನ ಸಾಮಾನು ಪ್ರೇಮಕ್ಕ," ಎಂದಳು. "ಗಾಜಿಂದು. ಒಡೀಬಾರ್ದು ಅಂತ ಸುತ್ತಿದ್ವಿ."

"ಅಷ್ಟೇನಾ?"

"ಅಷ್ಟೇ."

ಪ್ರೇಮಕ್ಕ ಕಣ್ಣು ಸಣ್ಣ ಮಾಡಿ ನೋಡಿದರು. ಚೇತನಾ ಕಾಫಿ ಕುಡಿದಳು. ಇವತ್ತೂ ಇಲ್ಲ, ನಾಳೆಯೂ ಇಲ್ಲ. ಅಮ್ಮನಿಗೂ ಇಲ್ಲ, ಯಜ್ಞೇಶನಿಗೂ ಇಲ್ಲ, ಮುಂದೆ ಎಂದೋ ಡಾಕ್ಟರೇಟ್ ಬಂದು ಯಾರಾದರೂ ಮೈಕು ಕೊಟ್ಟರೆ ಆಗಲೂ ಇಲ್ಲ. ಅವಳು ಲೋಟದ ಕೊನೆಯ ಗುಟುಕನ್ನೂ ಮುಗಿಸಿ, ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿದಳು.